ಅಪ್ಪನ ನಾತದ ಹುಳುಗಳು

ಕರಾಮಿಸಾವಾ
ನವೆಂಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಶಿಗೆಕಿ ಅಣ್ಣನಿಗೆ,

ಹಣೆ ಚಾಪೆಗೆ ತಾಗುವಷ್ಟು ಬಾಗಿ ನಿನ್ನ ತಂಗಿ ಚಿಗುಸಾ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ. ಅಂದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ, ಮಲಗುತ್ತೇವೆ. ಉಳಿದದ್ದನ್ನು ಮುಂದೆ ಓದು.

ಮೊದಲಿಗೆ, ಲಕೋಟೆ ಒಡೆದ ಕೂಡಲೇ ನಿನ್ನ ಮೂಗಿಗೆ ಬಡಿದ ವಾಸನೆಗಾಗಿ ಕ್ಷಮೆ ಕೋರುತ್ತೇನೆ. ಅದು ಆಕಸ್ಮಿಕವಲ್ಲ. ಏಕೆಂದು ಕಾಗದ ಮುಗಿಯುವುದರೊಳಗೆ ಹೇಳುತ್ತೇನೆ. ಎರಡನೆಯದಾಗಿ, ತಡವಾದದ್ದಕ್ಕೆ ಕ್ಷಮೆ. ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ನೀನು ಬರುತ್ತೀಯೆಂದು ಕಾದೆವು. ನಿನ್ನ ಬದಲು ನೀನಿರುವ ಬಂದರಿನಿಂದ ಒಂದು ಕಟ್ಟು ಒಣಮೀನು ಬಂತು. ಅಮ್ಮ ಅದನ್ನು ಅಜ್ಜನ ಫೋಟೋದ ಮುಂದಿಟ್ಟು, "ಮೊಮ್ಮಗ ಬಂದಿಲ್ಲ ಮಾವ, ಮೀನು ಬಂದಿದೆ, ಈ ವರ್ಷಕ್ಕೆ ಇದರಲ್ಲೇ ಸುಧಾರಿಸ್ಕೊಳ್ಳಿ" ಎಂದು ಕೈಮುಗಿದಳು. ಅಪ್ಪ ಆ ಮೀನಿನ ಒಂದು ಚೂರನ್ನೂ ಬೇರೆಯವರಿಗೆ ಉಳಿಸಲಿಲ್ಲ. ಅಂದೇ ಉತ್ತರ ಬರೆಯಬೇಕಿತ್ತು. ಬರೆಯಲು ಒಳ್ಳೆಯ ಸುದ್ದಿಯೊಂದು ಹುಟ್ಟಲಿ ಎಂದು ಕಾದೆ. ಹುಟ್ಟಲಿಲ್ಲ. ಫೋನು ಮಾಡಿದರೆ ನೀನು "ಅಂಗಡೀಲಿ ಜನ ಇದಾರೆ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೆ ಮಡಿಸಿಡುವ ಗುಣ ನಿನ್ನದಲ್ಲ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಈಗ ಮುಖ್ಯ ವಿಷಯ. ಅಪ್ಪ ಡಿಸೆಂಬರ್ ಒಂದರಿಂದ ಅಡುಗೆಮನೆ ಮುಚ್ಚುತ್ತಾರಂತೆ.

ಹೌದು, ನಮ್ಮ ಅಪ್ಪನೇ. ಅಜ್ಜನ ಕಾಲದಿಂದ ಒಂದು ದಿನವೂ ಒಲೆ ಆರದ ಈ ವಸತಿಗೃಹದಲ್ಲಿ ಇನ್ನು ಮುಂದೆ ಬಿಸಿನೀರಿನ ಸ್ನಾನ ಮತ್ತು ಹಾಸಿಗೆ ಮಾತ್ರವಂತೆ. ತಿಂಗಳ ಹಿಂದೆ, ರಾತ್ರಿಯೂಟದ ಬಟ್ಟಲು ತೊಳೆಯುತ್ತಿದ್ದಾಗ, ಮಳೆ ಬರಬಹುದು ಎನ್ನುವ ದನಿಯಲ್ಲಿ ಹೇಳಿದರು. "ಊಟ ಬೇಕಾದೋರು ಕೆಳಗಿನ ಪೇಟೆಗೆ ಹೋಗ್ಲಿ."

"ಎದೆಮಟ್ಟ ಹಿಮದಲ್ಲಿ ಯಾರ್ರೀ ಹೋಗ್ತಾರೆ ಪೇಟೆಗೆ?" ಎಂದು ಅಮ್ಮ ಕೇಳಿದಳು.

"ಹಾಗಾದ್ರೆ ಬಿಸಿನೀರು ಕುಡೀಲಿ. ನಮ್ಮಲ್ಲಿ ಬೇಕಾದಷ್ಟಿದೆ."

ಕಾರಣ ಮಾತ್ರ ಹೇಳಲಿಲ್ಲ. ಅಮ್ಮ ಇದಕ್ಕೆ ನೀನೇ ಕಾರಣವೆಂದು ಒಂದು ವಾರ ಅತ್ತಳು. ಏಪ್ರಿಲ್‌ನಲ್ಲಿ ನೀನು ಅಪ್ಪನ ತಿಳಿಸಾರು ಬಾಯಿಗಿಟ್ಟು, "ಇದು ಹಸಿಮೀನಿನ ವಾಸನೆ ಹೊಡೀತಿದೆ, ಅತಿಥಿಗಳಿಗೆ ಕೊಡೋ ಹಾಗಿಲ್ಲ" ಎಂದದ್ದು, ಅಪ್ಪ "ನನಗೇ ಮೂಗು ಕಲಿಸ್ತೀಯಾ, ನಡಿ ಹೊರಗೆ" ಎಂದದ್ದು, ನೀನು ಚಾಕುಗಳನ್ನು ಸುತ್ತಿಕೊಂಡು ನಿಜವಾಗಿಯೂ ನಡೆದುಬಿಟ್ಟದ್ದು, ಎಲ್ಲವನ್ನೂ ಮೊದಲಿಂದ ಮತ್ತೆ ಹೇಳಿ ಅತ್ತಳು. ಮುಂದಿನ ವಾರ ಅವಳ ಅನುಮಾನ ಅಪ್ಪನ ಹಲ್ಲುಗಳ ಮೇಲೆ ಹೋಯಿತು. ಏಕೆಂದರೆ ಅಪ್ಪ ಹಲ್ಲಿನ ಡಾಕ್ಟರ ಬಳಿಗೆಂದು ಹೇಳಿ ಮೇಲಿಂದ ಮೇಲೆ ಪೇಟೆಗೆ ಹೋಗುತ್ತಿದ್ದರು. "ಹಲ್ಲು ನೋವಿದ್ರೆ ಗಂಜಿ ಕುಡೀಬೇಕು, ಅಡುಗೆಮನೆ ಮುಚ್ಚೋದಾ?" ಎಂಬುದು ಅವಳ ವಾದ.

ಈ ಗೊಂದಲವನ್ನು ಮನಗಂಡು, ಸಾರ್ವಜನಿಕ ಹಿತದೃಷ್ಟಿಯಿಂದ, ನಾನು ಏಕಸದಸ್ಯ ತನಿಖಾ ಆಯೋಗವೊಂದನ್ನು ರಚಿಸಿ ಅದಕ್ಕೆ ನನ್ನನ್ನೇ ಅವಿರೋಧವಾಗಿ ನೇಮಿಸಿಕೊಂಡೆ. ಇದು ಸದರಿ ಆಯೋಗದ ವರದಿ.

ವರದಿ ಶುರುವಾಗುವುದು ಹುಳುಗಳಿಂದ.

ಈ ವರ್ಷ ನಾತದ ಹುಳುಗಳು ಬಂದಿರುವ ಪರಿಯನ್ನು ನೀನು ನೋಡಬೇಕು. ಮೊದಲ ಚಳಿ ಬಿದ್ದು, ಮಾರನೆಯ ಮಧ್ಯಾಹ್ನ ಬಿಸಿಲು ಬಂದದ್ದೇ ತಡ, ದಕ್ಷಿಣದ ಗೋಡೆ ಕಂದುಬಣ್ಣಕ್ಕೆ ತಿರುಗಿತು. ಬೆನ್ನ ಮೇಲೆ ಗುರಾಣಿ ಹೊತ್ತ ಮಾನ್ಯ ಅತಿಥಿಗಳು ಕಿಟಕಿಯ ಸಂದು, ಬಾಗಿಲಿನ ಓಟೆ, ಒಣಗಿದ ಬಟ್ಟೆಯ ಮಡಿಕೆ ಹೀಗೆ ಸಿಕ್ಕ ದಾರಿಯಲ್ಲೆಲ್ಲ ಒಳಗೆ ದಯಮಾಡಿಸಿದರು. ಯಾರನ್ನೂ ಕಚ್ಚುವುದಿಲ್ಲ, ಅನ್ನಕ್ಕೆ ಬಾಯಿ ಹಾಕುವುದಿಲ್ಲ, ವಸಂತದವರೆಗೆ ಮಲಗಿರಲು ಒಂದು ಬೆಚ್ಚನೆಯ ಬಿರುಕು ಸಿಕ್ಕರೆ ಸಾಕು. ನಮ್ಮ ಇತರ ಅತಿಥಿಗಳಿಗಿಂತ ಎಷ್ಟೋ ಮೇಲು. ಕಷ್ಟವೆಂದರೆ ಮುಟ್ಟಿದರೆ ಮಾತ್ರ.

ತೊಕುಜಿ ತಾತ ಎಂದಿನಂತೆ ಕಿಟಕಿಗಳಿಗೆ ಹಿಮ ತಡೆಯುವ ಹಲಗೆ ಹೊಡೆಯಲು ಬಂದವರು ಗೋಡೆ ನೋಡಿ, ಬಾಯಲ್ಲಿದ್ದ ಮೊಳೆಗಳನ್ನು ತೆಗೆದು, ಹವಾಮಾನ ಪ್ರಕಟಿಸಿದರು. "ಈ ಸಲ ಹಿಮ ಸೂರಿನವರೆಗೆ ಬೀಳುತ್ತೆ. ನೋಡು ಹೇಗೆ ಓಡಾಡ್ತಿವೆ, ಬಾಡಿಗೆ ಮನೆ ಹುಡುಕೋರ ಹಾಗೆ."

"ಹೋದ ವರ್ಷವೂ ಹಾಗೇ ಅಂದಿದ್ರಿ ತಾತ. ಮೊಣಕಾಲಿಗೂ ಬರಲಿಲ್ಲ ಹಿಮ."

"ಹೋದ ವರ್ಷ ಹುಳುಗಳು ಸುಳ್ಳು ಹೇಳಿದ್ವು. ನಾನು ಹೇಳಿದ್ನಾ?"

ಎಂದಿನ ವ್ಯವಸ್ಥೆಗಳನ್ನೆಲ್ಲ ಮಾಡಿದೆವು. ಪ್ರತಿ ಕೋಣೆಯಲ್ಲೂ ಚಹಾ ತಟ್ಟೆಯ ಪಕ್ಕದಲ್ಲಿ ಅಗಲ ಟೇಪಿನ ಒಂದು ಸುರುಳಿ, ಅದರ ಮೇಲೆ ಅಮ್ಮನ ಚಂದದ ಕೈಬರಹದಲ್ಲಿ, "ದಯವಿಟ್ಟು ಒತ್ತಬೇಡಿ, ಮೆಲ್ಲಗೆ ಅಂಟಿಸಿ, ಮಡಿಸಿ." ಕೆಲಸದವರಿಗೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಮೇಲ್ಭಾಗವನ್ನು ಕೊಯ್ದು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ ಹುಳುವಿನ ಕೆಳಗೆ ಹಿಡಿದರೆ ಅದು ತಾನಾಗಿ ಕಾಲು ಬಿಟ್ಟು ಒಳಗೆ ಬೀಳುತ್ತದೆ. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಬಂದಿರುವ ಥಾವ್ ಎಂಬ ಹುಡುಗಿಗೆ ಇದೆಲ್ಲ ಹೇಳಿಕೊಡುವುದರೊಳಗೆ ಅವಳು ಮೇಲಿನ ದೊಡ್ಡ ಕೋಣೆಯ ಹುಳುಗಳನ್ನೆಲ್ಲ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದಾಗಿತ್ತು. ಮುಂದೆ ಏನಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಆ ಯಂತ್ರ ಈಗ ಎಲ್ಲಿ ಉಸಿರು ಬಿಟ್ಟರೂ ಕೋಣೆ ಖಾಲಿಯಾಗುತ್ತದೆ. ಅಮ್ಮ ಅದನ್ನು ಹಿತ್ತಿಲಲ್ಲಿ ಕೊಡೆಯ ಕೆಳಗೆ ಕೂರಿಸಿ ಒಂದು ವಾರ ಗಾಳಿ ಕುಡಿಸಿದಳು.

ಥಾವ್ ವಿಯೆಟ್ನಾಮಿನವಳು. ನನಗಿಂತ ಎರಡು ವರ್ಷ ದೊಡ್ಡವಳು, ಆದರೆ ಕೀಟಲೆಯಲ್ಲಿ ನನ್ನ ಶಿಷ್ಯೆ. ಎಲ್ಲರೂ ಮೂಗು ಮುಚ್ಚಿಕೊಂಡು ಹೊರಗೆ ಓಡಿದಾಗ ಅವಳೊಬ್ಬಳು ಯಂತ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಉಸಿರೆಳೆದುಕೊಳ್ಳುತ್ತಿದ್ದಳು.

"ಏನೇ, ಹುಚ್ಚು ಹಿಡೀತಾ?"

"ಚಿಗುಸಾ, ಇದು ನಮ್ಮಮ್ಮ ಸಾರಿನ ಮೇಲೆ ಉದುರಿಸೋ ಸೊಪ್ಪು," ಎಂದಳು. ಕಣ್ಣಲ್ಲಿ ನೀರು. ವಾಸನೆಗೋ ನೆನಪಿಗೋ ಗೊತ್ತಿಲ್ಲ. "ಕೊತ್ತಂಬರಿ ಸೊಪ್ಪು. ಇದೇ. ಮನೆ ಬಿಟ್ಟ ಮೇಲೆ ಇವತ್ತೇ ಸಿಕ್ಕಿದ್ದು."

ನಾವು ಆ ಸೊಪ್ಪನ್ನು ಹುಳುವಿನ ಸೊಪ್ಪೆಂದು ಕರೆದು ಕೈಗೆ ಮುಟ್ಟುವುದಿಲ್ಲ ಎಂದು ಹೇಳಿದರೆ ಅವಳಿಗೆ ಬಹಳ ಬೇಜಾರಾಯಿತು. "ನೀವು ಹುಳುವನ್ನ ಮೊದಲು ನೋಡಿದ್ರಿ, ಅದಕ್ಕೆ. ಸೊಪ್ಪನ್ನ ಮೊದಲು ನೋಡಿದ್ರೆ ಹುಳುವನ್ನ ಮುದ್ದು ಮಾಡ್ತಿದ್ರಿ." ನ್ಯಾಯ ಕೇಳಲು ಅವಳು ಒಂದು ಹುಳುವನ್ನು ಟೇಪಿಗೆ ಅಂಟಿಸಿಕೊಂಡು, ಚೆನ್ನಾಗಿ ಒತ್ತಿ, ನೇರವಾಗಿ ಅಡುಗೆಮನೆಗೆ ಹೊರಟಳು.

ನನ್ನ ಜೀವ ಹಾರಿಹೋಯಿತು. ಅಪ್ಪನ ಅಡುಗೆಮನೆಗೆ ನಾತದ ಹುಳು! ನೆನಪಿದೆಯಲ್ಲ, ಅಡುಗೆಮನೆಯ ನೀಲಿ ಪರದೆ ದಾಟುವ ಮೊದಲು ಅಪ್ಪ ನಮ್ಮಿಬ್ಬರನ್ನೂ ಗೋಣಿಚೀಲದಂತೆ ಕೊಡವುತ್ತಿದ್ದದ್ದು. ಒಲೆಯ ಮುಂದೆ ನಿಂತಲ್ಲಿಂದಲೇ ತಲೆಯೆತ್ತಿ, "ಮೇಲೆ, ಮೂಲೆ ಕೋಣೆ, ಹಾಸಿಗೆ ಕಪಾಟು, ಒಂದು," ಎಂದು ಹೇಳುತ್ತಿದ್ದರು. ಹೋಗಿ ನೋಡಿದರೆ ಕಪಾಟಿನಲ್ಲಿ ಒಂದೇ ಒಂದು ಇರುತ್ತಿತ್ತು. ಅಂಥವರ ಮುಂದೆ ಥಾವ್ ಹೋಗಿ ಒತ್ತಿದ ಹುಳು ಹಿಡಿದು, "ಯಜಮಾನ್ರೇ, ಇದರ ವಾಸನೆ ಚೆನ್ನಾಗಿದೆ ಅಲ್ವಾ? ಚಿಗುಸಾ ಕೆಟ್ಟದ್ದು ಅಂತಾಳೆ," ಎಂದಳು.

ಅಪ್ಪ ಸೌಟು ಕೆಳಗಿಟ್ಟರು. ಟೇಪನ್ನು ಕೈಗೆ ತೆಗೆದುಕೊಂಡರು. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತರು. ಆಮೇಲೆ, "ಹೌದು, ಒಳ್ಳೆ ಪರಿಮಳ," ಎಂದು ವಾಪಸು ಕೊಟ್ಟರು.

ಥಾವ್ ಗೆದ್ದವಳಂತೆ ನನ್ನ ಕಡೆ ತಿರುಗಿದಳು. ನಾನು ಗೋಡೆ ಹಿಡಿದುಕೊಂಡು ನಿಂತಿದ್ದೆ.

ಅಂದಿನಿಂದ ಆಯೋಗ ಕಣ್ಣು ತೆರೆದಿಟ್ಟುಕೊಂಡಿತು. ಕಂಡದ್ದು ಹೀಗೆ. ಅಪ್ಪನ ಒಲೆಯ ಪಕ್ಕದಲ್ಲಿ ಕೋಳಿಮೊಟ್ಟೆಯ ಆಕಾರದ ಒಂದು ಟೈಮರ್ ಬಂದಿದೆ. ಗಡಿಯಾರ ನೋಡಿ ಸಾರು ಇಳಿಸುವವನು ಬಸ್ಸು ಓಡಿಸಲಿ ಎಂದು ನಿನ್ನನ್ನು ಬೈಯುತ್ತಿದ್ದ ಅಪ್ಪನಿಗೆ ಈಗ ಅದು ಕಿಣಿಕಿಣಿ ಎಂದರೇ ಸಾರು ಇಳಿಸಬೇಕು. ಮೀನುಗಾಡಿ ಬಂದಾಗ ಮೀನಿನ ಕಿವಿರು ಬಿಡಿಸಿ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ, ಆಮೇಲೂ ತಗೊಳ್ಳಲೋ ಬೇಡವೋ ಎಂದು ನಿಲ್ಲುತ್ತಾರೆ. ಮತ್ತು ಎಲ್ಲಕ್ಕಿಂತ ವಿಚಿತ್ರವಾದದ್ದು, ಬಾಟಲಿಗಳಿಗೆ ಸೋಪಿನ ನೀರು ಹಾಕಬಾರದೆಂದು ಆಜ್ಞೆಯಾಗಿದೆ. "ಸಾಯಿಸ್ಬೇಡಿ. ಜೀವಂತ ತಂದು ನನಗೆ ಕೊಡಿ." ಪ್ರತಿ ಮಧ್ಯಾಹ್ನ ಅತಿಥಿಗಳು ಸ್ನಾನಕ್ಕಿಳಿದ ಮೇಲೆ ಅಪ್ಪ ಆ ಬಾಟಲಿಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಾರೆ, ಖಾಲಿ ಬಾಟಲಿ ಹಿಡಿದು ಬರುತ್ತಾರೆ.

"ಯಜಮಾನ್ರು ಹುಳು ಸಾಕ್ತಿದಾರೆ," ಎಂದಳು ಥಾವ್.

"ಇಲ್ಲ, ತಿಂತಿದಾರೆ," ಎಂದೆ ನಾನು.

ಅಮ್ಮನಿಗೆ ಕೇಳಿಸಿತು. "ನಿಮ್ಮಿಬ್ಬರ ತಲೆ ತಿಂತಾರೆ, ಇರಿ."

ಪ್ರಯೋಗವಿಲ್ಲದೆ ವಿಜ್ಞಾನ ಮುಂದೆ ಹೋಗುವುದಿಲ್ಲ. ಕಳೆದ ಮಂಗಳವಾರ ನಾನು ಒಬ್ಬ ಪುಷ್ಟವಾದ ಅತಿಥಿಯನ್ನು ಆರಿಸಿ, ಅಪ್ಪ ತಲೆಗೆ ಕಟ್ಟಿಕೊಳ್ಳುವ ವಸ್ತ್ರದ ಮಡಿಕೆಯಲ್ಲಿ ಕೂರಿಸಿದೆ. ಕಟ್ಟುವಾಗ ಒತ್ತುತ್ತದೆ, ಕಿರುಚುತ್ತಾರೆ, ನಾನು ಓಡುತ್ತೇನೆ, ಎಲ್ಲ ಮೊದಲಿನಂತಾಗುತ್ತದೆ ಎಂಬುದು ನನ್ನ ಲೆಕ್ಕ. ನಿಜ ಹೇಳಬೇಕೆಂದರೆ, ಏಪ್ರಿಲ್ ನಂತರ ಅಪ್ಪ ನನ್ನನ್ನು ಒಮ್ಮೆಯೂ ಅಟ್ಟಿಸಿಕೊಂಡು ಬಂದಿಲ್ಲ. ಅದು ಬೇಕಾಗಿತ್ತು ನನಗೆ.

ಅಪ್ಪ ವಸ್ತ್ರ ಬಿಗಿದು ಕಟ್ಟಿಕೊಂಡರು. ನಾನು ಚಪ್ಪಲಿ ಮೆಟ್ಟಿ ಸಿದ್ಧಳಾದೆ. ವಾಸನೆ ಎದ್ದಿತು, ನನ್ನ ಕಣ್ಣು ಉರಿಯಿತು. ಅಪ್ಪ ಮೂಲಂಗಿ ಕತ್ತರಿಸುತ್ತಾ ಹೋದರು. ಸೌತೆ ಕತ್ತರಿಸಿದರು. ಮೊಟ್ಟೆಯಾಕಾರದ ಟೈಮರ್ ಬಾರಿಸಿತು, ಸಾರು ಇಳಿಸಿದರು. ಆಮೇಲೆ ಅದೇ ವಸ್ತ್ರ ತಲೆಗಿದ್ದಂತೆಯೇ, ಪ್ರತಿ ಶರತ್ಕಾಲವೂ ಬರುವ ಆ ವಯಸ್ಸಾದ ಮೇಷ್ಟ್ರು ದಂಪತಿಗಳಿಗೆ ತಾವೇ ಬಡಿಸಲು ಊಟದ ಕೋಣೆಗೆ ಹೋದರು. ಮೇಷ್ಟ್ರ ಹೆಂಡತಿ ಕರವಸ್ತ್ರ ಮೂಗಿಗಿಟ್ಟುಕೊಂಡರು. ಮೇಷ್ಟ್ರು ಬಹಳ ಸಭ್ಯವಾಗಿ, "ಈ ವರ್ಷ ಹುಳು ಸ್ವಲ್ಪ ಜಾಸ್ತಿ ಅಂತ ಕಾಣುತ್ತೆ," ಎಂದರು. ಅಪ್ಪ ನಗುತ್ತಾ, "ಕೋಣೆಯಲ್ಲಿ ಟೇಪಿದೆ, ತೊಂದರೆಯಾದ್ರೆ ಹೇಳಿ," ಎಂದು ಅವರ ಮೇಲೆ ಬಾಗಿ ಬಟ್ಟಲಿಗೆ ಸಾರು ಬಗ್ಗಿಸಿದರು.

ನಾನು ಪರದೆಯ ಹಿಂದೆ ನಿಂತಿದ್ದೆ. ನಗು ಬರಲಿಲ್ಲ. ಅಣ್ಣ, ಕೀಟಲೆ ಮಾಡಿ ನಗು ಬಾರದೇ ಹೋದದ್ದು ಅದೇ ಮೊದಲು.

ಮಾರನೆಯ ಮಧ್ಯಾಹ್ನ ಅಪ್ಪ ಬಾಟಲಿಗಳೊಂದಿಗೆ ಹೊರಟಾಗ ನಾನು ಹಿಂದೆಯೇ ಹೋದೆ. ಅವರು ಸೌದೆಮನೆ ಹೊಕ್ಕರು. ಹಲಗೆಯ ಸಂದಿನಿಂದ ಒಳಗೆ ಬಿಸಿಲಿನ ಪಟ್ಟಿಗಳು ಬಿದ್ದಿದ್ದವು, ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಅಪ್ಪ ಕೊರಡಿನ ಮೇಲೆ ಕೂತು, ಬಾಟಲಿಯಿಂದ ಒಂದು ಹುಳುವನ್ನು ಅಂಗೈಗೆ ಉದುರಿಸಿಕೊಂಡು, ಹೆಬ್ಬೆರಳಿನಿಂದ ಒತ್ತಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. ಮೊದಲು ತಿಳಿಸಾರಿನ ಪಾತ್ರೆಯ ಮುಚ್ಚಳ ತೆಗೆದು ಹಾಗೇ ನಿಲ್ಲುತ್ತಿದ್ದರಲ್ಲ, ಗಲ್ಲ ಸ್ವಲ್ಪ ಮೇಲೆತ್ತಿ, ಯಾರೋ ದೂರದಿಂದ ಕರೆಯುವುದನ್ನು ಕೇಳಿಸಿಕೊಳ್ಳುವಂತೆ, ಥೇಟು ಹಾಗೆ. ಕಾದರು. ಕೈ ಒರೆಸಿಕೊಂಡರು. ಇನ್ನೊಂದು ಹುಳು. ಮತ್ತೆ ಕಾದರು. ಆಮೇಲೆ ಉಳಿದವನ್ನು ಒಂದೊಂದಾಗಿ ಸೌದೆಯ ಸಂದಿಗೆ ಬಿಟ್ಟು, ಗಾಳಿ ಬರದಂತೆ ಒಂದು ಹರಕು ಚಾಪೆಯನ್ನು ಅಡ್ಡ ಇಟ್ಟರು.

ಅಷ್ಟರಲ್ಲಿ ನನಗೆ ಕೆಮ್ಮು ಬಂತು. ಆ ಸೌದೆಮನೆಯಲ್ಲಿ ಕೆಮ್ಮದೆ ಇರಲು ಕಲ್ಲಾಗಿರಬೇಕು.

"ಯಾರದು?"

"ತನಿಖಾ ಆಯೋಗ," ಎಂದೆ.

"ಒಳಗೆ ಬಾ, ಆಯೋಗ. ಬಾಗಿಲು ಹಾಕ್ಕೋ."

ಹೋಗಿ ಎದುರಿನ ಕೊರಡಿನ ಮೇಲೆ ಕೂತೆ. ಅಪ್ಪ ಅಂಗೈ ಚಾಚಿದರು. "ವಾಸನೆ ಇದೆಯಾ?"

"ಕಣ್ಣಲ್ಲಿ ನೀರು ಬರೋಷ್ಟಿದೆ."

"ಹಾಗಾದ್ರೆ ಹುಳು ತನ್ನ ಕೆಲಸ ಮಾಡಿದೆ." ಕೈ ಮಡಚಿಕೊಂಡರು. "ಫೆಬ್ರವರಿ ಜ್ವರದಿಂದ ಈಚೆಗೆ ನನಗೆ ವಾಸನೆ ಏನೂ ಬರ್ತಿಲ್ಲ ಕಣೆ. ನಿಮಗೆಲ್ಲ ಹೋಗಿ ಹದಿನೈದು ದಿನಕ್ಕೆ ವಾಪಸ್ ಬಂತು. ನಂದು ದಾರಿ ಮರೆತುಬಿಟ್ಟಿದೆ."

ಹಲ್ಲಿನ ಡಾಕ್ಟರರು ಹಲ್ಲಿನವರಲ್ಲ, ಮೂಗಿನವರು. ಗಾಢವಾದ ವಾಸನೆಗಳನ್ನು ದಿನವೂ ಬೆಳಿಗ್ಗೆ ಸಂಜೆ ಮೂಸಬೇಕು, ಕೆಲವರಿಗೆ ಹಾಗೆ ಮೆಲ್ಲಮೆಲ್ಲಗೆ ಮರಳುತ್ತದೆ ಎಂದು ನಿಂಬೆ, ಲವಂಗ ಅಂಥವುಗಳ ಪುಟ್ಟ ಶೀಷೆಗಳನ್ನು ಕೊಟ್ಟಿದ್ದಾರಂತೆ.

"ಮತ್ತೆ ಅದನ್ನ ಬಿಟ್ಟು ಇದ್ಯಾಕೆ ಅಪ್ಪ?"

"ನಿಂಬೆಹಣ್ಣು ಮೂಸಿದ್ರೆ ಬಂತು ಅಂತಲೇ ಅನ್ನಿಸುತ್ತೆ. ಬರಲಿ ಬರಲಿ ಅಂತ ಮನಸ್ಸು ಕೂತಿರುತ್ತಲ್ಲ, ಅದೇ ಒಂದು ನಿಂಬೆಹಣ್ಣು ಮಾಡಿ ಮೂಗಿನ ಮುಂದೆ ಹಿಡಿಯುತ್ತೆ. ಎರಡು ಸಲ ಮೋಸ ಹೋದೆ. ಒಂದು ಸಲ ಖುಷಿಯಲ್ಲಿ ಅಮ್ಮನ್ನ ಕರೆಯೋದ್ರಲ್ಲಿದ್ದೆ. ಆಮೇಲೆ ನೋಡಿದ್ರೆ ಶೀಷೆ ಮುಚ್ಚಳಾನೇ ತೆಗೆದಿರಲಿಲ್ಲ." ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಈ ನಾತ ಬೇಕು ಅಂತ ಯಾರ ಮನಸ್ಸೂ ಕೂತಿರಲ್ಲ. ಇದು ಬಂದ್ರೆ ನಿಜವಾಗಿ ಬಂದ ಹಾಗೆ."

ಆಯೋಗ ಕೊರಡಿನ ತೊಗಟೆ ಕೀಳುತ್ತಾ ಕೂತಿತು.

"ವಸ್ತ್ರದಲ್ಲಿ ಹುಳು ಇಟ್ಟೋಳು ನೀನೇ ತಾನೆ?"

"ಗೊತ್ತಾಯ್ತಾ?"

"ಒಗೆಯೋವಾಗ ಸಿಕ್ತು. ಸಂಜೆಯೆಲ್ಲ ಹೊತ್ಕೊಂಡು ಓಡಾಡಿದ್ನಲ್ಲ." ಬಾಟಲಿಯನ್ನು ಕಾಲ ಬಳಿ ಇಟ್ಟರು. "ಯಾರಾದ್ರೂ ನಕ್ಕರಾ?"

"ಯಾರೂ ನಗಲಿಲ್ಲ ಅಪ್ಪ."

"ಒಳ್ಳೇ ಜನ," ಎಂದರು.

ಅಡುಗೆಮನೆ ಮುಚ್ಚುವುದು ಅದಕ್ಕೇ. ಮೂಗಿಲ್ಲದವನು ಕುರುಡು ಡ್ರೈವರ್ ಇದ್ದ ಹಾಗಂತೆ. ಇವತ್ತು ಸಾರು ಸಪ್ಪೆ, ನಾಳೆ ಕೆಟ್ಟ ಮೀನು ಬಡಿಸುತ್ತೇನೆ, ಯಾರಾದರೂ ಆಸ್ಪತ್ರೆ ಸೇರುತ್ತಾರೆ, ಆಮೇಲೆ ಅಜ್ಜನ ಫೋಟೋ ಮುಂದೆ ಹೇಗೆ ಕೂರಲಿ ಎಂದರು. ನನ್ನ ಮೂಗಿದೆಯಲ್ಲ ಎಂದೆ. "ನಿನ್ನ ಮೂಗು ಬಿಸ್ಕತ್ತು ಹುಡುಕೋಕೆ ಸರಿ," ಎಂದರು. ಥಾವ್ ಮೂಗಿದೆ ಎಂದೆ. "ಅವಳು ಬಿಟ್ರೆ ಈ ಹುಳುವನ್ನೇ ಸಾರಿಗೆ ಹಾಕ್ತಾಳೆ." ಆಮೇಲೆ ಏನೋ ಹೇಳಲು ಹೋದರು. "ನಾನು ಕಲಿಸಿದ ಮೂಗು ಅಂತ ಇರೋದು ಒಂದೇ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಹಾಗಾದ್ರೆ ಅಣ್ಣನ್ನ ಕರೆಯೋಣ. ವಿಷಯ ಹೇಳೋಣ."

"ಅಮ್ಮನಿಗೆ ನಾನೇ ಹೇಳ್ತೀನಿ, ಹೊತ್ತು ನೋಡಿ. ಶಿಗೆಕಿಗೆ ಮಾತ್ರ ಕೂಡದು."

ಏಕೆ ಎಂದು ಕೇಳಿದೆ. ಹೇಳಿದರು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ನಾತ ತುಂಬಿದ ಆ ಸೌದೆಮನೆಯಲ್ಲಿ, ಚಿಕ್ಕ ಮಕ್ಕಳ ಹಾಗೆ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿಸಿ ನನ್ನಿಂದ ಮಾತು ತೆಗೆದುಕೊಂಡರು. ಮುರಿದರೆ ಸಾವಿರ ಸೂಜಿ ನುಂಗಬೇಕು, ನಿಯಮ ನಿನಗೂ ಗೊತ್ತು. ಅಮ್ಮನ ಹೊಲಿಗೆ ಡಬ್ಬಿ ನೋಡಿದೆ, ಅಷ್ಟು ಸೂಜಿ ಅದರಲ್ಲಿಲ್ಲ. ಇರುವಷ್ಟನ್ನು ನುಂಗಲು ಸಿದ್ಧಳಾಗಿ ಬರೆಯುತ್ತಿದ್ದೇನೆ.

ಅಂದಿನಿಂದ ದಿನವೂ ಮಧ್ಯಾಹ್ನ ನಾವಿಬ್ಬರೂ ಸೌದೆಮನೆಯಲ್ಲಿ ಕೂರುತ್ತೇವೆ. ಅಪ್ಪ ಹುಳು ಒತ್ತುತ್ತಾರೆ, ನಾನು ವಾಸನೆ ವರ್ಣಿಸುತ್ತೇನೆ. "ಬರೀ ನಾತ ಅನ್ಬೇಡ. ಹೇಗಿದೆ ಹೇಳು. ನಾನು ದಾರಿ ನೆನಪು ಮಾಡ್ಕೋತೀನಿ." ಹಸಿ ಹುಲ್ಲು ಅರೆದ ಹಾಗೆ, ಅದರ ಮೇಲೆ ಸೀಮೆಎಣ್ಣೆ ಚೆಲ್ಲಿದ ಹಾಗೆ, ಕೊನೆಗೆ ಹಳೆಯ ಸೌತೆಕಾಯಿಯ ಹಾಗೆ ಎನ್ನುತ್ತೇನೆ. ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಾರೆ. ಈ ಹುಳುವಿನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತುಗಳನ್ನು ಹುಡುಕಿರಲಾರರು. ನಿನ್ನೆ ಒಂದು ಕ್ಷಣ ಅಪ್ಪನ ಹುಬ್ಬು ಗಂಟಾಯಿತು. ನಾನು ಎದ್ದು ನಿಂತೆ. "ಬಂತಾ?" "ಇಲ್ಲ. ಕಿವಿ ಮೇಲೆ ಹುಳು ಹತ್ತಿತು," ಎಂದರು.

ಇನ್ನುಳಿದ ಸಣ್ಣ ಸುದ್ದಿ. ಬೆಕ್ಕು ಒಂದು ಹುಳುವನ್ನು ಕಚ್ಚಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಥಾವ್ ಕೊತ್ತಂಬರಿ ಬೀಜ ತರಿಸಿ ಕಿಟಕಿಯ ಡಬ್ಬಿಯಲ್ಲಿ ಬಿತ್ತಿದ್ದಾಳೆ. ಅಮ್ಮ ಅದನ್ನು ಕಂಡಾಗಲೆಲ್ಲ, "ಹೊರಗಿಂದ ಬರೋದು ಸಾಲದು ಅಂತ ಬೆಳೀತಿದಾರೆ," ಎನ್ನುತ್ತಾಳೆ. ಮೇಲಿನ ಘಾಟಿ ದಾರಿಗೆ ಈ ತಿಂಗಳ ಕೊನೆಗೆ ಹಿಮದ ಕಾರಣ ಗೇಟು ಹಾಕುತ್ತಾರೆ, ಹುಳುಗಳ ಮಾತು ನಂಬುವುದಾದರೆ ಅದಕ್ಕೂ ಮೊದಲೇ. ಆಮೇಲೆ ನಿನ್ನ ಬಂದರಿನಿಂದ ಇಲ್ಲಿಗೆ ಬರಲು ಇಡೀ ಬೆಟ್ಟ ಸುತ್ತಬೇಕು. ಸುಮ್ಮನೆ ಮಾಹಿತಿಗಾಗಿ ತಿಳಿಸಿದ್ದೇನೆ.

ನಿನ್ನ ಕೈಯ ಚಾಕು ಎಂದೂ ಜಾರದಿರಲಿ, ಸಮುದ್ರದ ಗಾಳಿಗೆ ನಿನಗೆ ಶೀತ ಹಿಡಿಯದಿರಲಿ. ದೊಡ್ಡವನಾದ ನೀನು ನನಗೆ ಆಶೀರ್ವಾದ ಕಳಿಸಬೇಕು; ಸೂಜಿ ನುಂಗುವವಳಿಗೆ ಅದರ ಅಗತ್ಯ ಬಹಳ ಇದೆ.

ಇತಿ ನಿನ್ನ ತಂಗಿ, ಮತ್ತು ಸದರಿ ಆಯೋಗದ ಏಕೈಕ ಸದಸ್ಯೆ,
ಚಿಗುಸಾ

ತಾ. ಕ. ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದು ಬರೆಯುತ್ತಿದ್ದೇನೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೆದೂ ಉಪಯೋಗವಿಲ್ಲ.

ಫೆಬ್ರವರಿಯಲ್ಲಿ ಜ್ವರ ಮೊದಲು ಬಂದದ್ದು ನಿನಗೆ. ಗೆಳೆಯನ ಮದುವೆಗೆ ಹೋಗಿ ತಂದದ್ದು. ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ನಿನ್ನ ಕೋಣೆಯಲ್ಲಿ ಗಂಜಿ ಹಿಡಿದು ಕೂತದ್ದು ಅಪ್ಪ. ಸೌದೆಮನೆಯಲ್ಲಿ ಅವರು ಹೇಳಿದ ಕಾರಣ ಇದು, ಅವರ ಮಾತಿನಲ್ಲೇ ಬರೆಯುತ್ತೇನೆ. "ಆವತ್ತು ಅವನು ಹೇಳಿದ್ದೇ ಸರಿ, ಸಾರು ಕೆಟ್ಟಿತ್ತು. ನನಗೆ ಬಿಸಿನೀರಿನ ಹಾಗಿತ್ತು, ಅಷ್ಟೇ. ಮೂಗು ಹೋಗಿದೆ ಅಂದಿದ್ರೆ ಯಾಕೆ ಹೋಯ್ತು ಅಂತ ಕೇಳ್ತಿದ್ದ. ತನ್ನಿಂದ ಅಂತ ತಿಳಿದ್ರೆ, ಜೀವಮಾನವಿಡೀ ಪ್ರತಿ ಸಲ ಸಾರಿನ ಮುಚ್ಚಳ ತೆಗೆಯೋವಾಗ್ಲೂ ಅವನಿಗೆ ಅದೇ ನೆನಪಾಗುತ್ತೆ. ನನ್ನ ಮೇಲೆ ಕೋಪ ಇರ್ಲಿ. ಕೋಪದಲ್ಲಿ ಸಾರು ಕೆಡಲ್ಲ."

ಈಗ ನಿನಗೆ ಗೊತ್ತಾಯಿತು. ನನ್ನ ಬೇರೆ ಕೀಟಲೆಗಳ ಹಾಗೆ ಇದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ನೀನು ಬೇಕೆಂದು ತಂದದ್ದಲ್ಲ ಎಂದು ನಾನು ಬರೆದರೂ ನಿನಗೆ ನೋವಾಗುತ್ತದೆ. ಆದರೂ ಬರೆದೆ. ಏಕೆಂದರೆ ಅಪ್ಪ ಆ ಕೊರಡಿನ ಮೇಲೆ ಕಣ್ಣು ಮುಚ್ಚಿ ಕಾಯುವುದನ್ನು ನಾನೊಬ್ಬಳೇ ನೋಡಲಾರೆ.

ಲಕೋಟೆಯೊಳಗೆ ಒಂದು ಹುಳುವನ್ನು ಇಟ್ಟಿದ್ದೇನೆ. ಅಂಚೆ ಕಚೇರಿಯ ಮುದ್ರೆ ಬಿದ್ದಾಗ ಪಾಪ ಅದು ಹೋಗಿರುತ್ತದೆ. ಮೊದಲ ಪುಟದಲ್ಲಿ "ಮೂಗಿಗೆ ಬಡಿದ ವಾಸನೆ" ಎಂದು ಧೈರ್ಯವಾಗಿ ಬರೆದುಬಿಟ್ಟೆ, ಏಪ್ರಿಲ್‌ನಲ್ಲಿ ನಿನ್ನ ಮೂಗು ಸರಿಯಾಗಿಯೇ ಇತ್ತು, ಆದರೆ ನೀನು ಹೋಗಿ ಏಳು ತಿಂಗಳಾಯಿತು, ಅಂಥ ಜ್ವರ ಮತ್ತೆ ಬಂದಿದ್ದರೆ ನನಗೇನು ಗೊತ್ತು. ನಿಜವಾಗಿ ಬಡಿಯಿತೇ? ಬಡಿಯದಿದ್ದರೆ ಒಂದು ಕಾರ್ಡು ಬರೆ. ಬಡಿದಿದ್ದರೆ ಕಾರ್ಡು ಬೇಡ. ಗೇಟು ಬೀಳುವ ಮೊದಲು ಆ ಮೂಗನ್ನು ಹಿಡಿದುಕೊಂಡು ಬಸ್ಸು ಹತ್ತು.